ಲೀವ್, ಲೆಫ್ಟ್, ಲೆಫ್ಟ್

ಅರಸೀಕೆರೆಯ ಕೊಬ್ಬರಿ ಪುಡಿ ಕಾರ್ಖಾನೆಯೊಂದರಲ್ಲಿ ರುದ್ರಮ್ಮ ತೆಂಗಿನಕಾಯಿಯ ಕಂದು ಸಿಪ್ಪೆ ಹೆರೆಯುವವಳು. ಬಸ್ತಿಹಳ್ಳಿಯ ತಂಗಿಯ ಬಾಣಂತನಕ್ಕೆ ಒಂಬತ್ತು ದಿನದ ರಜೆ ಬರೆದುಕೊಟ್ಟು ಹೋಗಿದ್ದವಳು ಬೆಳಿಗ್ಗೆ ಕೆಲಸಕ್ಕೆ ಬಂದರೆ, ಗುಮಾಸ್ತ ಮಧುಕುಮಾರ ಎದ್ದು ನಿಂತು ಕುರ್ಚಿ ತೋರಿಸಿದ.

"ಕೂತ್ಕೊಳ್ಳಿ ಅಕ್ಕ. ಈ ಫಾರಂಗೊಂದು ಸೈನ್ ಹಾಕಿ."

ಯಾವತ್ತೂ ಮುಖ ಎತ್ತಿ ಮಾತಾಡದವನು! ರುದ್ರಮ್ಮನಿಗೆ ಅಲ್ಲೇ ಅನುಮಾನ ಹತ್ತಿತು. ಹಾಜರಿ ಪುಸ್ತಕವನ್ನು ತಾನೇ ಎಳೆದುಕೊಂಡು ನೋಡಿದಳು. ಅವಳ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ ಇಂಗ್ಲಿಷ್ ಪದವೊಂದಿತ್ತು. ಅಕ್ಷರ ಕೂಡಿಸಿ ಓದಿದಳು.

"ಲೆಫ್ಟ್. ಇದೇನಪ್ಪ?"

"ಲೀವ್ ಹಾಕಿದ್ರಲ್ಲ, ಅದೇ. ಲೀವ್, ಲೆಫ್ಟ್, ಲೆಫ್ಟ್. ಸ್ಕೂಲಲ್ಲಿ ಕಲ್ತಿಲ್ವಾ? ರಜೆ ಮುಗೀತು, ಅದಕ್ಕೇ ಲೆಫ್ಟ್."

ಕಲಿತಿದ್ದಳು, ಗಂಡಸಿಯ ಶಾಲೆಯಲ್ಲಿ, ಬೆತ್ತದೇಟು ತಿಂದೇ. ಅವನು ಹೇಳಿದ್ದರಲ್ಲಿ ತಪ್ಪು ಹುಡುಕಲಾಗದೆ ಅವಳ ಸಿಟ್ಟು ನೆತ್ತಿಗೇರಿತು. ಸತತ ಐದು ವರ್ಷ ದುಡಿದವರನ್ನು ಕಾಯಂ ಮಾಡುತ್ತೇವೆಂದು ಮಾಲೀಕರೇ ಹೇಳಿದ್ದರು. ಅವಳಿಗೆ ಐದು ತುಂಬಲು ಇನ್ನು ಮೂರೇ ತಿಂಗಳು.

ಪುಟ ತಿರುವಿದಳು. ಮಗಳ ಮದುವೆಗೆಂದು ವಾರ ರಜೆ ಹಾಕಿದ್ದ ಮೀನಾಕ್ಷಿಯ ಸಾಲಿನಲ್ಲಿ ದಿನಕ್ಕೊಂದರಂತೆ ನೀಲಿ 'ಎಲ್' ಇತ್ತು, ಅಷ್ಟೇ. ಕೆಂಪು ಪದ ಇದ್ದದ್ದು ಬೋರಯ್ಯನ ಮುಂದೆ.

"ಮೀನಾಕ್ಷಿ ರಜೇನೂ ಮುಗೀತಲ್ಲೋ, ಅವಳಿಗ್ಯಾಕೆ ಲೆಫ್ಟ್ ಇಲ್ಲ? ಬೋರಯ್ಯ ಜಗಳ ಆಡ್ಕಂಡು ಕೆಲಸ ಬಿಟ್ಟೋದೋನು, ಅವನಿಗೈತೆ. ನಾನು ಯಾವಾಗ್ಲಾ ಬಿಟ್ಟೆ?"

ಮಧುಕುಮಾರ ಬಾಗಿಲ ಕಡೆ ನೋಡಿದ. "ಮೇಲಿನೋರು ಹೇಳಿದ್ದು ಅಕ್ಕ. ಹೊಸದಾಗಿ ಸೇರ್ಕೊಂಡ್ಬಿಡಿ. ಅದೇ ಕೆಲಸ, ಅದೇ ಜಾಗ."

"ವರ್ಷ ಮಾತ್ರ ಒಂದರಿಂದ ಶುರು, ಅಲ್ವಾ?"

ಅವನು ಫಾರಂ ಅನ್ನು ಮತ್ತೆ ಅವಳತ್ತ ಸರಿಸಿದ. ರುದ್ರಮ್ಮ ಮೊಬೈಲು ತೆಗೆದು ಎರಡೂ ಪುಟಗಳ ಫೋಟೊ ಹಿಡಿದಳು.

"ಇದನ್ನ ಹೊಡೆದಾಕಿ ನನಗೂ ಎಲ್ ಹಾಕು. ಇಲ್ಲಾಂದ್ರೆ ಇವತ್ತೇ ಲೇಬರ್ ಆಫೀಸಿನೋರ ಮುಂದೆ ಮಡಗ್ತೀನಿ. ಲೀವ್ ಲೆಫ್ಟು ಅವರಿಗೇ ಪಾಠ ಮಾಡುವಂತೆ."

ಮಧುಕುಮಾರ ಒಳಕೋಣೆಗೆ ಹೋಗಿ ಯಾರೊಂದಿಗೋ ಪಿಸುಗುಟ್ಟಿ ಬಂದ. ಕೆಂಪು ಪದಕ್ಕೆ ಗೀಟು ಎಳೆದ. ಪಕ್ಕದಲ್ಲಿ ಅವಳ ಸಹಿ ಹಾಕಿಸಿಕೊಂಡು, ಅವಳ ಸಾಲಿನ ಚೌಕಗಳಲ್ಲಿ ಮನೆಗೊಂದರಂತೆ ಎಲ್ ಬರೆಯತೊಡಗಿದ. ರುದ್ರಮ್ಮ ಬೆರಳಿಟ್ಟು ಎಣಿಸಿದಳು. ಎಂಟಕ್ಕೇ ಪೆನ್ನು ನಿಂತಿತು.

"ಇನ್ನೊಂದು ಯಾರ ಮನೇಗೋಯ್ತು?" ಎಂದಳು.