ಹಿಂದಿನ ಎಡ ಟೈರು

ಶುಕ್ರವಾರ ಮಧ್ಯಾಹ್ನ ಕಾರು ತೊಳೆಯಲು ಹೊರಟಾಗ ತಕುಜಿಯ ಕಣ್ಣಿಗೆ ಆ ಸ್ಕ್ರೂ ಬಿತ್ತು. ಹಿಂದಿನ ಎಡ ಟೈರಿನಲ್ಲಿ, ನೆಲಕ್ಕೆ ತಾಗುವ ಪಟ್ಟಿ ಮುಗಿದು ರಬ್ಬರ್ ಮೇಲಕ್ಕೆ ಬಾಗುವ ಅಂಚಿನಲ್ಲೇ ಅದು ತಲೆಯವರೆಗೂ ಹೂತುಕೊಂಡಿತ್ತು. ಗಾಳಿ ಅರ್ಧ ಇಳಿದಿತ್ತು.

ಹದಿನಾಲ್ಕು ವರ್ಷ ಜೊತೆಗಿದ್ದ ಕೆಂಪು ಕಾರು ಅದು. ಎರಡೇ ಸೀಟು, ನೆಲಕ್ಕೆ ಅಂಟಿಕೊಂಡಂಥ ಮೈ. ಜಪಾನಿನ ಶಿಬುಕಾವಾ ಊರಿನ ಕೊನ್ಯಾಕು ಗಡ್ಡೆ ಅರೆಯುವ ಕಾರ್ಖಾನೆಯಲ್ಲಿ ದುಡಿಯುವ ತಕುಜಿ ಕಾನೆಮಾರುವಿಗೆ ಭಾನುವಾರ ಬೆಳಗಿನ ಸುಖವೆಂದರೆ ಅದರಲ್ಲಿ ಹರುನಾ ಬೆಟ್ಟ ಹತ್ತುವುದು. ಈಗ ಹೆಂಡತಿ ಫುಮಿಯೆಯ ತಾಯಿ ಇವರ ಜೊತೆ ಇರಲು ಬರುವವರಿದ್ದರು. ಅವರ ಗಾಲಿಕುರ್ಚಿ ಏರಿಸಲು ವ್ಯಾನು ಕೊಳ್ಳುವುದೆಂದು ಗೊತ್ತು ಮಾಡಿಯಾಗಿತ್ತು. ಮನೆಮುಂದಿನ ಶೆಡ್ಡಿನಲ್ಲಿ ಒಂದೇ ಗಾಡಿಗೆ ಜಾಗ. ಮಾರಾಟಕ್ಕಿಟ್ಟು ಎರಡು ತಿಂಗಳು ಯಾರೂ ಕೇಳದೆ ಬಿದ್ದಿದ್ದ ಕಾರಿಗೆ ಕೊನೆಗೂ ಕೊಳ್ಳುವ ಹೆಂಗಸೊಬ್ಬರು ಸಿಕ್ಕಿದ್ದರು. ಶನಿವಾರ ಹತ್ತಕ್ಕೆ ನಾಗಾವೊಕಾದಿಂದ ರೈಲಿನಲ್ಲಿ ಬಂದು, ಒಂದು ಸುತ್ತು ಓಡಿಸಿ ನೋಡಿ, ಮನಸ್ಸಿಗೆ ಬಂದರೆ ಅದೇ ಕಾರಿನಲ್ಲಿ ಹೆದ್ದಾರಿ ಹಿಡಿದು ವಾಪಸ್ಸು ಹೋಗುವ ಮಾತಾಗಿತ್ತು.

ತಕುಜಿ ಗಾಳಿ ತುಂಬಿಕೊಂಡು ನೆಗಿಶಿಯವರ ಟೈರು ಅಂಗಡಿಗೆ ಹೋದ. ನೆಗಿಶಿ ಕನ್ನಡಕ ಹಣೆಗೇರಿಸಿ ಬಗ್ಗಿ ನೋಡಿದರು. ನೋಡಿದ್ದು ಒಂದು ಕ್ಷಣ ಅಷ್ಟೆ.

"ಇದಕ್ಕೆ ಪಂಕ್ಚರ್ ಹಾಕೋಕಾಗಲ್ಲ ಕಣಯ್ಯ."

"ಸಣ್ಣ ತೂತಲ್ವಾ?"

"ತೂತು ಸಣ್ಣದೇ, ಜಾಗ ಕೆಟ್ಟದ್ದು. ನಡುಮಧ್ಯೆ ಚುಚ್ಚಿದ್ರೆ ಅರ್ಧ ಗಂಟೇಲಿ ಮಾಡಿಕೊಡ್ತಿದ್ದೆ. ಈ ಅಂಚು ಸುತ್ತುಸುತ್ತಿಗೂ ಮಡಚಿ ಬಿಚ್ಚುತ್ತೆ. ಒಳಗೆ ತೇಪೆ ಹಾಕಿದ್ರೂ ಬಿಸಿ ಏರಿದ ಮೇಲೆ ನಿಲ್ಲಲ್ಲ. ಬದಲಾಯಿಸಬೇಕು. ಒಂದಲ್ಲ, ಹಿಂದಿನ ಎರಡೂ."

"ಸರಿ, ಹಾಕಿ ಹಾಗಾದ್ರೆ."

ನೆಗಿಶಿ ನಕ್ಕರು. "ಈ ಅಳತೇದು ಯಾರ ಹತ್ರ ಇರುತ್ತೆ? ತರಿಸಬೇಕು. ನಾಳೆಯಿಂದ ರಜಾ ಸಾಲು, ಗೋದಾಮು ಎಲ್ಲ ಬಂದ್. ಹತ್ತು ದಿನ ಹಿಡಿಯುತ್ತೆ. ಅಲ್ಲಿವರೆಗೆ ಗಾಡಿ ತೆಗೀಬೇಡ."

ತಕುಜಿ ತಲೆಯಾಡಿಸಿ ಬಂದ. ಹತ್ತು ದಿನ ಆಕೆ ಕಾಯುತ್ತಾರೆಯೇ? ತಮ್ಮ ನೀಗಾತಾ ಕಡೆಯಲ್ಲೇ ಇನ್ನೊಂದು ಕಾರು ನೋಡಿಟ್ಟಿದ್ದೇನೆ ಎಂದು ಫೋನಿನಲ್ಲೇ ಹೇಳಿದ್ದರು. ಮನೆಗೆ ಹೋಗುವ ದಾರಿಯಲ್ಲಿ ಅವನು ದೊಡ್ಡ ಸಾಮಾನಿನ ಅಂಗಡಿಯೊಂದರ ಮುಂದೆ ನಿಲ್ಲಿಸಿ ಪಂಕ್ಚರ್ ಹಾಕುವ ಪುಟ್ಟ ಡಬ್ಬಿ ಕೊಂಡ. ಶೆಡ್ಡಿನ ಬಾಗಿಲು ಎಳೆದುಕೊಂಡು ಸ್ಕ್ರೂ ಕಿತ್ತು, ಅಂಟು ಸವರಿದ ರಬ್ಬರ್ ಹುರಿಯನ್ನು ದಬ್ಬಣದಿಂದ ತೂತಿಗೆ ತುರುಕಿದ. ಹೊರಗೆ ಉಳಿದ ತುದಿಯನ್ನು ಬ್ಲೇಡಿನಿಂದ ಸಮ ಮಾಡಿದ. ಸೋಪಿನ ನೀರು ಹೊಯ್ದರೆ ಒಂದು ಗುಳ್ಳೆಯೂ ಏಳಲಿಲ್ಲ. ಆಮೇಲೆ ಅಂಗಳದ ಮಣ್ಣು ತೆಗೆದು ಆ ಜಾಗಕ್ಕೆ ಉಜ್ಜಿದ. ಉಜ್ಜುವಾಗ ಅವನಿಗೇ ಕಿವಿ ಬಿಸಿಯಾಯಿತು.

"ನೆಗಿಶಿಯವರು ಏನಂದ್ರು? ಸರಿಹೋಯ್ತಾ?" ಫುಮಿಯೆ ಅಡುಗೆಮನೆಯಿಂದಲೇ ಕೇಳಿದಳು.

"ಹೋಯ್ತು."

ಮರುದಿನ ಬಂದ ಇಕುಯೊ ಸಕಾಜುಮೆ ಅರವತ್ತೆರಡರ ಗಟ್ಟಿ ಹೆಂಗಸು. ಬೆನ್ನಿಗೊಂದು ಚೀಲ, ಬೆಟ್ಟ ಹತ್ತುವವರು ಹಾಕುವಂಥ ಬೂಟು. ಫುಮಿಯೆ ಕೊಟ್ಟ ಚಹಾವನ್ನು ನಿಂತೇ ಕುಡಿದರು.

"ಇಪ್ಪತ್ತೇಳು ವರ್ಷ ಹಿಮ ತಳ್ಳೋ ಗಾಡಿ ಓಡಿಸಿದ್ದೀನಿ," ಎಂದರು. "ಗಂಟೆಗೆ ಇಪ್ಪತ್ತು ಕಿಲೋಮೀಟರ್. ಹಿಂದೆ ಬರೋ ಕಾರಿನವರೆಲ್ಲ ಬೈದುಕೊಳ್ತಿದ್ರು. ಮಾರ್ಚಿಗೆ ನಿವೃತ್ತಿ ಆಯ್ತು. ಇನ್ನು ನನ್ನ ಸರದಿ."

ಕಾರಿನ ಸುತ್ತ ಒಂದು ಸಲ ನಡೆದು ಬಂದರು. ಎಡ ಟೈರಿನ ಬಳಿ ನಿಂತಾಗ ತಕುಜಿ ಇಂಜಿನ್ನಿನ ಬಗ್ಗೆ ಏನೋ ಹೇಳಿ ಅವರನ್ನು ಮುಂದಕ್ಕೆ ಕರೆದ. ಬೀಗದ ಕೈ ಕೊಟ್ಟ. ತಾನು ಎಡಗಡೆ ಸೀಟಿನಲ್ಲಿ ಕೂತ. ಆ ಟೈರು ಈಗ ಸರಿಯಾಗಿ ಅವನ ಬೆನ್ನ ಹಿಂದೆ ಇತ್ತು.

ಇಕಾಹೊ ಊರು ದಾಟಿ ಬೆಟ್ಟದ ದಾರಿ ಶುರುವಾಯಿತು. ಆಕೆ ಓಡಿಸುವುದನ್ನು ನೋಡಿ ತಕುಜಿಗೆ ಆಶ್ಚರ್ಯವಾಯಿತು. ಗೇರು ಬದಲಾದದ್ದೇ ತಿಳಿಯುತ್ತಿರಲಿಲ್ಲ. ಮೊದಲ ತಿರುವಿನಲ್ಲಿ ಕಾರನ್ನು ಅಳೆದರು, ಎರಡನೆಯದರಲ್ಲಿ ನೆಚ್ಚಿದರು, ಮೂರನೆಯದಕ್ಕೆ ವೇಗ ಏರಿಸಿದರು. ಬಲಕ್ಕೆ ತಿರುಗಿದಾಗೆಲ್ಲ ಕಾರಿನ ಭಾರ ಎಡ ಹಿಂಬದಿಗೆ ಕುಸಿಯುತ್ತಿತ್ತು. ತಕುಜಿಗೆ ಆ ಹುರಿ ಕಣ್ಣಿಗೆ ಕಟ್ಟುತ್ತಿತ್ತು: ಮಡಚುತ್ತದೆ, ಬಿಚ್ಚುತ್ತದೆ, ಮಡಚುತ್ತದೆ. ರಸ್ತೆಯ ಪಕ್ಕದ ಕಬ್ಬಿಣದ ಬೇಲಿಯಾಚೆ ಬರೀ ಮರಗಳ ತುದಿ.

"ಸ್ವಲ್ಪ... ನಿಧಾನ," ಎಂದ.

"ಭಯ ಆಯ್ತಾ? ನಿಮ್ಮ ಕಾರು, ಬೇರೆಯವರ ಕೈ. ನನಗೂ ಹಾಗೇ ಆಗ್ತಿತ್ತು." ಆಕೆ ನಗುತ್ತ ಕೊಂಚ ಇಳಿಸಿದರು. ಮುಂದಿನ ನೇರ ದಾರಿಯಲ್ಲಿ ಮತ್ತೆ ಏರಿಸಿದರು.

ಬೆನ್ನ ಹಿಂದೆ ಏನೋ ಚಟ್ ಎಂದಿತು. ಕಲ್ಲು ಇರಬೇಕು. ಕಲ್ಲೇ ಇರಬೇಕು. ತಕುಜಿ ಕಿವಿಗೊಟ್ಟ. ಇಂಜಿನ್ನಿನ ಸದ್ದಲ್ಲದೆ ಬೇರೇನೂ ಇರಲಿಲ್ಲ. ಈಗ ಹೇಳಿದರೆ ಕಾರು ಮಾರಿಹೋಗದು, ಮಾನ ಮಾತ್ರ ಹೋಗುತ್ತದೆ. ಮನೆ ಮುಟ್ಟಿದ ಮೇಲೆ, ಟೈರು ಹಳೆಯದು, ಹೋದ ತಕ್ಷಣ ಬದಲಾಯಿಸಿ ಎಂದರಾಯಿತು. ಹಾಗೆ ಹೇಳಿದರೆ ಸುಳ್ಳೂ ಆಗುವುದಿಲ್ಲ ಎಂದು ಲೆಕ್ಕ ಹಾಕುತ್ತಿದ್ದ.

"ಕಾನೆಮಾರು ಅವರೇ, ಒಂದು ಮಾತು ಹೇಳಿದ್ರೆ ನಗಬೇಡಿ," ಎಂದರು ಇಕುಯೊ. "ಹೆದ್ದಾರೀಲಿ ಆ ದೊಡ್ಡ ಸುರಂಗ ಇದೆಯಲ್ಲ, ಹನ್ನೊಂದು ಕಿಲೋಮೀಟರು. ಅದರೊಳಗೆ ಈ ಇಂಜಿನ್ ಸದ್ದು ಹೇಗೆ ಕೇಳ್ಸುತ್ತೋ ಅಂತ ನಿನ್ನೆ ನಿದ್ದೇನೇ ಬರಲಿಲ್ಲ. ಕಿಟಕಿ ಎರಡೂ ಇಳಿಸಿಬಿಡ್ತೀನಿ."

ತಕುಜಿಗೆ ಆ ಸುರಂಗ ಗೊತ್ತಿತ್ತು. ಎರಡೂ ಕಡೆ ಗೋಡೆ, ಹಿಂದೆ ಮುಂದೆ ಲಾರಿಗಳು, ಪಕ್ಕಕ್ಕೆ ಸರಿಯಲು ಅಲ್ಲೊಂದು ಇಲ್ಲೊಂದು ಗೂಡು.

"ಹಿಂದಿನ ಎಡ ಟೈರಿಗೆ ಸ್ಕ್ರೂ ಚುಚ್ಚಿತ್ತು," ಎಂದ. "ಅಂಚಲ್ಲಿ. ಅಂಗಡಿಯವರು ಆಗಲ್ಲ, ಬದಲಾಯಿಸಬೇಕು ಅಂದ್ರು. ನಾನೇ ಹುರಿ ತುರುಕಿದೆ."

ಆಕೆ ಬ್ರೇಕ್ ಒತ್ತಲಿಲ್ಲ. ಮುಖದ ನಗು ಮಾತ್ರ ಆರಿತು. ಕಾಲು ಮೆಲ್ಲಗೆ ಸಡಿಲಿಸಿ, ಸ್ಟಿಯರಿಂಗನ್ನು ಎರಡು ಕೈಯಲ್ಲೂ ಬಿಗಿಹಿಡಿದು, ಒಂದೊಂದೇ ಗೇರು ಇಳಿಸುತ್ತ ಹೋದರು. ಎದುರಿಗೆ ಬಲ ತಿರುವೊಂದಿತ್ತು. ತಿರುವು ದಾಟಿ, ರಸ್ತೆ ಅಗಲವಾದಲ್ಲಿ ಪಕ್ಕಕ್ಕೆ ನಿಲ್ಲಿಸಿ, ಇಂಜಿನ್ ಆರಿಸಿ ಇಳಿದರು.

ಟೈರಿನ ಬಳಿ ಕುಕ್ಕರಗಾಲಲ್ಲಿ ಕೂತು ಮಣ್ಣನ್ನು ಹೆಬ್ಬೆರಳಿನಿಂದ ಒರೆಸಿದರು. ಬೆರಳಿಗೆ ಉಗುಳು ಹಚ್ಚಿ ಹುರಿಯ ಮೇಲೆ ಸವರಿದರು. ಸಣ್ಣ ಗುಳ್ಳೆಯೊಂದು ಎದ್ದಿತು, ಒಡೆಯಿತು, ಮತ್ತೆ ಎದ್ದಿತು.

"ಯಾವಾಗ ಹೇಳ್ಬೇಕು ಅಂತಿದ್ರಿ?"

"ಹೇಳಬಾರದು ಅಂತಲೇ ಇದ್ದೆ."

"ಮಣ್ಣು ನೀವೇ ಹಚ್ಚಿದ್ದಾ?"

"ಹೌದು."

ಆಕೆ ಎದ್ದು ಬೇಲಿಯ ಬಳಿ ಹೋಗಿ ಬೆನ್ನು ಹಾಕಿ ನಿಂತರು. ಬೈದಿದ್ದರೆ ತಕುಜಿಗೆ ಹಗುರವಾಗುತ್ತಿತ್ತು. ಅವನು ನೆಗಿಶಿಗೆ ಫೋನ್ ಮಾಡಿದ. ಅವರು ಗಾಡಿ ಹೊರುವ ಲಾರಿ ತರಲು ನಲವತ್ತು ನಿಮಿಷ ಹಿಡಿಯಿತು. ಅಷ್ಟರಲ್ಲಿ ಇಕುಯೊ ಚೀಲದಿಂದ ಅನ್ನದುಂಡೆ ಎರಡು ತೆಗೆದು, ಒಂದನ್ನು ತಿಂದು, ಅವನ ಕಡೆ ಒಮ್ಮೆ ನೋಡಿ, ಎರಡನೆಯದನ್ನೂ ತಾವೇ ತಿಂದರು.

ಲಾರಿಯ ಮುಂದಿನ ಸೀಟಿನಲ್ಲಿ ಮೂವರೂ ಒತ್ತಿಕೊಂಡು ಕೂತರು. ಇಳಿಜಾರಿನಲ್ಲಿ ಗೇರು ಇಳಿಸುತ್ತ ನೆಗಿಶಿ ಹೇಳಿದರು.

"ಹುರಿ ಚೆನ್ನಾಗೇ ತುರುಕಿದ್ದೀಯ ತಕುಜಿ. ಅದೇ ತೊಂದರೆ. ನೆಟ್ಟಗೆ ಮಾಡದೆ ಹೋಗಿದ್ರೆ ನಿಮ್ಮನೆ ಅಂಗಳದಲ್ಲೇ ಗಾಳಿ ಇಳೀತಿತ್ತು."

ಇಕುಯೊ ನಿಲ್ದಾಣದಲ್ಲಿ ಇಳಿದು, ನೆಗಿಶಿಗೆ ಮಾತ್ರ ತಲೆಬಾಗಿ, ರೈಲು ಹತ್ತಿದರು.

ಮನೆಯಲ್ಲಿ ತಕುಜಿ ಏನೂ ಮುಚ್ಚಿಡದೆ ಹೇಳಿದ. ರಾತ್ರಿ ಊಟಕ್ಕೆ ಕೂತಾಗ, "ಆಯಮ್ಮನಿಗೆ ನಾನು ನಗ್ತಾ ನಗ್ತಾ ಚಹಾ ಕೊಟ್ಟೆ ಕಣ್ರೀ," ಎಂದಳು ಫುಮಿಯೆ. "ನನ್ನ ಕೈಲೂ ಸುಳ್ಳಾಡಿಸಿದ ಹಾಗಾಯ್ತು."

ರಜೆ ಮುಗಿದು ಟೈರು ಬಂದವು. ಹಾಕಿಸಿಯಾದ ಮೇಲೆ ತಕುಜಿ ಇಕುಯೊಗೆ ನಾಲ್ಕು ಸಾಲು ಬರೆದು ಕಳಿಸಿದ: ಎರಡೂ ಹೊಸದು ಹಾಕಿಸಿದ್ದೇನೆ, ಕಾರು ನೆಗಿಶಿಯವರ ಅಂಗಡಿಯಲ್ಲೇ ಇದೆ, ಬರಲೇಬೇಕೆಂದಿಲ್ಲ, ಆ ದಿನದ್ದಕ್ಕೆ ಕ್ಷಮೆಯಿರಲಿ. ಉತ್ತರ ಬರಲಿಲ್ಲ. ನಾಲ್ಕನೆಯ ದಿನ ನೆಗಿಶಿಯೇ ಕಾರ್ಖಾನೆಗೆ ಫೋನ್ ಮಾಡಿದರು. "ಬಂದಿದ್ದಾರೆ. ನೀನೂ ಬಾ."

ಕಾರು ಲಿಫ್ಟಿನ ಮೇಲಿತ್ತು. ಇಕುಯೊ ಅದರಡಿ ನಿಂತು ಟಾರ್ಚು ಹಾಕಿ ನೋಡುತ್ತಿದ್ದರು. ಪ್ರಶ್ನೆಗಳೆಲ್ಲ ನೆಗಿಶಿಗೆ. ಹಳೆಯ ಟೈರನ್ನೂ ತರಿಸಿ ಒಳಮೈಗೆ ಕೈಯಾಡಿಸಿದರು. ಅರ್ಧ ಗಂಟೆಯಾದ ಮೇಲೆ ತಕುಜಿಯ ಕಡೆ ತಿರುಗಿದರು.

"ಬೇರೆ ಇನ್ನೇನಿದೆ, ಹೇಳಿ."

ತಕುಜಿ ಹೇಳಲು ಶುರು ಮಾಡಿದ. ಜೋರು ಮಳೆಗೆ ಬಲಗಡೆ ಛಾವಣಿಯಿಂದ ನೀರು ಜಿನುಗುತ್ತದೆ. ಚಳಿಗಾಲದ ಬೆಳಿಗ್ಗೆ ಎರಡನೆಯ ಗೇರು ಹಟ ಮಾಡುತ್ತದೆ. ಮುಂದಿನ ಬಂಪರಿನ ಕೆಳಅಂಚು ಒಮ್ಮೆ ಕಲ್ಲಿಗೆ ತಾಗಿತ್ತು, ಬಣ್ಣ ತಾನೇ ಬಳಿದದ್ದು, ಬಿಸಿಲಲ್ಲಿ ನೋಡಿದರೆ ಗೊತ್ತಾಗುತ್ತದೆ.

"ಅಷ್ಟೇನಾ?"

ಅವನು ಯೋಚಿಸಿದ. "ಎಡ ಕಿಟಕಿ ಇಳಿಯುತ್ತೆ, ಏರೋವಾಗ ಒಂದು ಕೈ ಕೊಡಬೇಕು."

"ಮತ್ತೆ?"

"ಇಷ್ಟೇ."

ಇಕುಯೊ ಅವನ ಮುಖವನ್ನೇ ನೋಡುತ್ತ ನಿಂತರು. ಅಂಗಡಿಯ ಗಾಳಿಯಂತ್ರ ಗುರ್ ಎಂದು ಓಡಿ ತಾನಾಗಿಯೇ ನಿಂತಿತು. ಆಮೇಲೆ ಆಕೆ ಟಾರ್ಚು ಆರಿಸಿ ಚೀಲಕ್ಕೆ ಹಾಕಿಕೊಂಡು, ಬೀಗದ ಕೈಗಾಗಿ ಅಂಗೈ ಚಾಚಿದರು.