ಹದಿನೇಳನೇ ಇಲಿಯ ತೊಂಬತ್ತೆಂಟು ಮಾರ್ಕು

ಒಂಬತ್ತು ಸೆಕೆಂಡು! ಸ್ಟಾಪ್‌ವಾಚ್ ಹಿಡಿದುಕೊಂಡೇ ನಾನು ಕುಣಿದುಬಿಟ್ಟೆ. ತೊಟ್ಟಿಯ ನೀರಿನೊಳಗೆ ಬಚ್ಚಿಟ್ಟ ಪುಟ್ಟ ಮಣೆಯನ್ನು ಹುಡುಕಲು ಮಾಮೂಲಿ ಇಲಿಗಳು ನಲವತ್ತು ಸೆಕೆಂಡು ಈಜಾಡುತ್ತವೆ. ಹದಿನೇಳನೇ ನಂಬರಿನ ಇಲಿ ಹುಟ್ಟುವ ಮೊದಲೇ ಅದಕ್ಕೆ ನಾವು ನೆನಪು ಚುರುಕಾಗಲೆಂದು ಒಂದು ಜೀನನ್ನು ಹೆಚ್ಚಿಗೆ ಸೇರಿಸಿದ್ದೆವು. ಅದು ನೆಟ್ಟಗೆ ಹೋಗಿ ಮಣೆ ಹತ್ತಿ ಕೂತು ಮೀಸೆ ಒರೆಸಿಕೊಂಡಿತು. ನನ್ನ ಗೈಡ್ ರತ್ನಾ ಮೇಡಂ ಮೈಸೂರಿನವರು, ಎಂದೂ ದನಿ ಎತ್ತಿದವರಲ್ಲ. ಅವತ್ತು ಅವರೂ "ಅಮಿತಾ, ಗೆದ್ವಿ ಕಣೇ!" ಎಂದು ಕೂಗಿದರು.

ಇದು 2004ರ ಮಾತು. ಸಂಜೆ ನಮ್ಮ ಮನೆಯಿದ್ದ ಮಯೂರ್ ವಿಹಾರದ ಬಸ್ಸಿನಲ್ಲಿ ಇಡೀ ದಾರಿ ನಿಂತೇ ಹೋದರೂ ನನಗೆ ಕಾಲು ನೋಯಲಿಲ್ಲ. ಅಷ್ಟು ಬೀಗಿದ್ದೆ. ನನ್ನ ಅಮ್ಮನಂತೂ ಮನೋರಮಾ ಅನ್ನುವ ಹೆಸರಿನ ನ್ಯೂಸ್ ಚಾನೆಲ್. ರಾತ್ರಿ ಊಟದ ಹೊತ್ತಿಗೆ ನಮ್ಮ ಇಡೀ ಅಪಾರ್ಟ್‌ಮೆಂಟ್ ಸೊಸೈಟಿಗೆ ಸುದ್ದಿ ಮುಟ್ಟಿತ್ತು. ಮೂರನೇ ಮಹಡಿಯ ಗುಪ್ತಾ ಆಂಟಿ ಮಗನ ಮಾರ್ಕ್ಸ್ ಕಾರ್ಡ್ ಹಿಡಿದು ಬಂದೇಬಿಟ್ಟರು. ಬೋರ್ಡ್ ಪರೀಕ್ಷೆಗೆ ಮುಂಚೆ ಇಲಿಯನ್ನು ಜಾಣ ಮಾಡಿದ ಇಂಜೆಕ್ಷನ್ ಸಿಗುತ್ತದೆಯೇ ಅಂತ! ಸಿಗುವುದಿಲ್ಲ ಎಂದೆ, ಆದರೆ ಒಳಗೊಳಗೇ ಹಿಗ್ಗಿದೆ.

ಶುಕ್ರವಾರ ನಮ್ಮ ಸಂಸ್ಥೆಯ ಪ್ರಾಣಿ ನೀತಿ ಸಮಿತಿಯ ಸಭೆ ಇತ್ತು. ಅವರು ಒಪ್ಪಿದರೆ ಅದೇ ಜೀನು ಮುಂದೆ ಮಂಗಗಳ ಭ್ರೂಣಕ್ಕೆ. ಮಂಗಗಳಾದ ಮೇಲೆ ಯಾರು ಎಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ವಿಷಯ ಮಂಡಿಸಬೇಕಾದವಳು ನಾನು. ಒಪ್ಪಿಗೆ ಸಿಕ್ಕರೆ ದೊಡ್ಡ ಪತ್ರಿಕೆಯಲ್ಲಿ ಹೆಸರು, ವರ್ಷದೊಳಗೆ ಡಾಕ್ಟರೇಟ್.

ನನ್ನ ತುರುಪಿನ ಎಲೆ ನೆನಪಿನ ಪರೀಕ್ಷೆ. ಗಂಟೆ ಬಾರಿಸಿ ಇಲಿಯ ಪಾದಕ್ಕೆ ಸಣ್ಣ ಶಾಕ್ ಕೊಡುವುದು. ಮಾರನೆಯ ದಿನದಿಂದ ಬರೀ ಗಂಟೆ, ಶಾಕ್ ಇಲ್ಲ. ಗಂಟೆ ಕೇಳಿ ಇಲಿ ಅಲ್ಲಾಡದೆ ನಿಂತರೆ ಅದಕ್ಕೆ ನೆನಪಿದೆ ಎಂದರ್ಥ. ಎಷ್ಟು ಹೊತ್ತು ನಿಂತರೆ ಅಷ್ಟು ಮಾರ್ಕು. ಮಾಮೂಲಿ ಇಲಿಗಳು ಎರಡು ವಾರದಲ್ಲಿ ನೂರರಲ್ಲಿ ಮೂವತ್ತಕ್ಕೆ ಇಳಿದವು. ನನ್ನ ಹದಿನೇಳನೇ ಇಲಿಗೆ ಎರಡು ತಿಂಗಳಾದರೂ ತೊಂಬತ್ತೆಂಟು! ಆ ಸಂಖ್ಯೆಯ ಕೆಳಗೆ ಕೆಂಪು ಇಂಕಿನಲ್ಲಿ ಎರಡು ಗೆರೆ ಎಳೆದಿದ್ದೆ.

ಗುರುವಾರ ಇಲಿಗಳ ಕೋಣೆಗೆ ಹೋದೆ. ಅದನ್ನು ನೋಡಿಕೊಳ್ಳುತ್ತಿದ್ದವರು ಕೊಡಗಿನ ಪೂವಣ್ಣ ಅಂಕಲ್. ಸೈನ್ಯದಲ್ಲಿ ನಾಯಿಗಳನ್ನು ಪಳಗಿಸಿ ನಿವೃತ್ತರಾದವರು.

"ಅಮಿತಾ, ಒಂದ್ ಮಾತು. ನೀನು ಬಾಗಿಲಿಗೆ ಬಂದ್ರೆ ಸಾಕು, ನಿನ್ನ ಜಾಣ ಇಲಿಗಳು ತಿನ್ನೋದು ಬಿಡ್ತವೆ ಕಣಮ್ಮಾ."

"ನಾನೇನು ಬೆಕ್ಕಾ ಅಂಕಲ್?" ಎಂದೆ. ನನಗೆ ಸಿಟ್ಟು ಬೇಗ ಬರುತ್ತದೆ.

"ಕೈ ಇಟ್ಟು ನೋಡು."

ಮಾಮೂಲಿ ಇಲಿಗಳ ಪಂಜರದೊಳಗೆ ಕೈ ಇಟ್ಟೆ. ಅಂಗೈ ಮೇಲೆ ಹತ್ತಿ ಕಡಲೆ ತಿಂದವು. ಹದಿನೇಳನೆಯದೂ ಅದೇ ಜೀನು ಸೇರಿಸಿದ ಇನ್ನು ನಾಲ್ಕು ಇಲಿಗಳೂ ಇದ್ದ ಪಂಜರದೊಳಗೆ ಇಟ್ಟೆ. ಐದೂ ಇಲಿಗಳು ಮೂಲೆಗೆ ಹೋಗಿ ಒಂದರ ಮೇಲೊಂದು ಬಿದ್ದು ನಡುಗಿದವು. ಗುರುತಿಗೆಂದು ಎಲ್ಲ ಇಲಿಗಳ ಕಿವಿಗೂ ತೂತು ಹೊಡೆದವಳು ನಾನೇ, ಒಂದೇ ದಿನ, ನಾಲ್ಕು ತಿಂಗಳ ಹಿಂದೆ.

"ನಮ್ಮ ಯೂನಿಟ್‌ನಲ್ಲಿ ಒಂದು ನಾಯಿ ಇತ್ತು," ಎಂದರು ಪೂವಣ್ಣ ಅಂಕಲ್. "ಬಾಂಬ್ ಹುಡುಕೋದ್ರಲ್ಲಿ ಅದೇ ಫಸ್ಟ್. ಒಂದ್ಸಲ ಪಕ್ಕದಲ್ಲೇ ಸ್ಫೋಟ ಆಯ್ತು. ಬೇರೆ ನಾಯಿಗಳು ತಿಂಗಳಲ್ಲಿ ಸರಿಹೋದ್ವು. ಅದು ಸಾಯೋವರೆಗೂ ಮಂಚದ ಕೆಳಗೇ ಇತ್ತು."

ಮೆಟ್ಟಿಲನ್ನು ಎರಡೆರಡಾಗಿ ಹಾರಿ ಮೇಡಂ ಕೋಣೆಗೆ ಓಡಿದೆ. ನಾಚಿಕೆಯಾಗುತ್ತಿತ್ತು, ಸುಳ್ಳು ಹೇಳುವುದಿಲ್ಲ, ಖುಷಿಯೂ ಆಗುತ್ತಿತ್ತು. ನಿಜವಾಗಿ ಹೊಸದೊಂದು ಕೈಗೆ ಸಿಕ್ಕಿತ್ತು!

"ಮೇಡಂ, ತೊಂಬತ್ತೆಂಟು ಬುದ್ಧಿಯ ಮಾರ್ಕಲ್ಲ! ಇನ್ನು ಶಾಕ್ ಇಲ್ಲ ಅಂತ ಅವಕ್ಕೆ ಕಲಿಯೋಕೇ ಆಗ್ತಿಲ್ಲ. ಎರಡು ತಿಂಗಳಿಂದ ದಿನಾ ಹೆದರ್ತಿವೆ, ನಾನು ದಿನಾ ಮಾರ್ಕು ಕೊಡ್ತಿದ್ದೀನಿ!"

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಾಳೆ ಇದನ್ನ ಹೇಳಿದ್ರೆ ಮಂಗಗಳ ಕೆಲಸ ನಿಲ್ಲತ್ತೆ. ನಿನ್ನ ಡಾಕ್ಟರೇಟ್ ಎರಡು ವರ್ಷ ಮುಂದಕ್ಕೆ ಹೋಗತ್ತೆ. ಹೇಳದಿದ್ರೆ ಯಾರಿಗೂ ಗೊತ್ತಾಗಲ್ಲ. ಮಾತಾಡೋಳು ನೀನು, ನೀನೇ ನೋಡು."

ಬೈದಿದ್ದರೆ ಎಷ್ಟೋ ಸುಲಭವಾಗುತ್ತಿತ್ತು.

ಶುಕ್ರವಾರ ಸಮಿತಿಯ ಎಂಟು ಜನರ ಮುಂದೆ ಈಜುವ ಇಲಿಯ ವಿಡಿಯೋ ಹಾಕಿದೆ. ಚಪ್ಪಾಳೆ. ತೊಂಬತ್ತೆಂಟು ತೋರಿಸಿದೆ. ಇನ್ನೂ ಜೋರಾಗಿ ಚಪ್ಪಾಳೆ. ನಾನಿನ್ನೂ ತೀರ್ಮಾನಿಸಿರಲಿಲ್ಲ, ಮುಂದಿನ ಸ್ಲೈಡು ಮಂಗಗಳದ್ದು. ಸಮಿತಿಯಲ್ಲಿ ವಿಜ್ಞಾನಿಯಲ್ಲದ ಸದಸ್ಯೆ ಒಬ್ಬರೇ, ಘಾಜಿಯಾಬಾದಿನ ನಿವೃತ್ತ ಶಾಲಾ ಶಿಕ್ಷಕಿ ಸುಶೀಲಾ. ಅವರು ಉತ್ಸಾಹ ತಡೆಯಲಾರದೆ ಹಿಂದಿಯಲ್ಲಿ ಕೇಳಿದರು:

"ನನ್ನ ಮೊಮ್ಮಗ ಎಷ್ಟು ಕಲಿಸಿದರೂ ಮಗ್ಗಿ ಮರೆಯುತ್ತಾನೆ. ಅಂಥ ಮಕ್ಕಳು ಮರೆಯದೇ ಇರುವ ಕಾಲ ಬರುತ್ತದೆಯೇ?"

ಎಲ್ಲರೂ ನಕ್ಕರು. ನಾನೂ ನಗುತ್ತಾ ಹೌದು ಎನ್ನಲು ಬಾಯಿ ತೆರೆದೆ. ಬಾಯಿಂದ ಬಂದದ್ದೇ ಬೇರೆ.

"ಬರಬಹುದು ಸುಶೀಲಾಜೀ. ಮಗ್ಗಿ ಮರೆಯುವುದಿಲ್ಲ. ಮಗ್ಗಿ ಮರೆತಾಗ ತಿಂದ ಏಟನ್ನೂ ಮರೆಯುವುದಿಲ್ಲ."

ನಗು ನಿಂತಿತು. ಕಿವಿಯ ತೂತು, ಗಂಟೆ, ಮೂಲೆಯಲ್ಲಿ ನಡುಗಿದ ಐದು ಇಲಿಗಳು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ. ನಾಲ್ಕು ತಿಂಗಳೆಂದರೆ ಎರಡು ವರ್ಷ ಬದುಕುವ ಇಲಿಗೆ ಎಷ್ಟು ದೊಡ್ಡ ಕಾಲ ಎಂದೂ ಹೇಳಿದೆ. ಮೇಡಂ ತಲೆ ತಗ್ಗಿಸಲಿಲ್ಲ, ನನ್ನನ್ನೇ ನೋಡುತ್ತಿದ್ದರು.

ಸುಶೀಲಾಜೀ ತಮ್ಮ ಬಲಗೈಯನ್ನು ಮೇಜಿನ ಮೇಲಿಂದ ತೆಗೆದು ಮಡಿಲಲ್ಲಿ ಇಟ್ಟುಕೊಂಡರು.

"ಹೋದ ವಾರ ನಾನು ಅವನಿಗೆ ಹೊಡೆದೆ," ಎಂದರು. "ಬೆಳಿಗ್ಗೆ ಎದ್ದು ಅವನೇ ಬಂದು ನನ್ನ ತೊಡೆಯ ಮೇಲೆ ಕೂತ. ಅದನ್ನು ನೀವು ತೆಗೆದುಬಿಡುತ್ತೀರಾ?"

"ಈ ಇಲಿಗಳಿಂದ ಆಗಲೇ ತೆಗೆದಿದ್ದೇವೆ," ಎಂದೆ.

ಮಂಗಗಳ ಸ್ಲೈಡು ಹಾಕಿ ಎಂದು ಆಮೇಲೆ ಯಾರೂ ಕೇಳಲಿಲ್ಲ.