ಹರಿಯದ ಬೆಲ್ಟು

ಗಾಡಿಯ ಜಾರುವ ಬಾಗಿಲಿನ ಕೆಳಗಿನ ಹಳಿಯಲ್ಲಿ ಕೂತ ಮಣ್ಣನ್ನು ಸಿದ್ಧಾರೂಢ ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ಕೆದಕಿ ತೆಗೆಯುತ್ತಿದ್ದಾಗ ಶಟ್ಟೆಪ್ಪ ಬರಿಗಾಲಲ್ಲಿ ಓಡಿಬಂದು ಶೆಡ್ಡಿನ ಹೊರಗೇ ನಿಂತ. ಮಧ್ಯಾಹ್ನದ ಎರಡು ಗಂಟೆಯ ಬಿಸಿಲು.

"ಸಾವ್ಕಾರ್ರ, ಗಾಡಿ ತಗೀರಿ. ಪ್ರಜ್ಞಾಗ ಬ್ಯಾನಿ ಸುರು ಆಗ್ಯಾವ್ರಿ. ಆಂಬುಲೆನ್ಸ್ ದೊಡವಾಡಕ್ಕ ಹೋಗೇತಂತ, ಬರಾಕ ಒಂದ್ ತಾಸ ಬೇಕಂತ್ರಿ."

ಪ್ರಜ್ಞಾ ಶಟ್ಟೆಪ್ಪನ ಮಗಳು. ಚೊಚ್ಚಲ ಹೆರಿಗೆಗೆಂದು ಗಂಡನ ಊರು ಸಾಲಹಳ್ಳಿಯಿಂದ ತವರಿಗೆ ಬಂದಿದ್ದಳು. ಸಿದ್ಧಾರೂಢನಿಗೆ ಇದು ಗೊತ್ತಿತ್ತು.

ಎಂಟು ಜನ ಕೂಡುವ ಆ ಜಪಾನ್ ಗಾಡಿಯಂಥದ್ದು ಸಂಗೊಳ್ಳಿಯಲ್ಲಷ್ಟೇ ಅಲ್ಲ, ಸುತ್ತಲಿನ ಯಾವ ಊರಲ್ಲೂ ಇರಲಿಲ್ಲ. ಹೊರದೇಶದಲ್ಲಿದ್ದ ಗೋವಾದ ಕುಟುಂಬವೊಂದು ಮರಳಿ ಬರುವಾಗ ಹಡಗಿನಲ್ಲಿ ತರಿಸಿಕೊಂಡಿದ್ದನ್ನು ಅವನು ಆರು ವರ್ಷದ ಹಿಂದೆ ಕೊಂಡಿದ್ದ. ಕೀಲಿ ತಿರುವಿದರೆ ಒಳಗಿನಿಂದ ಒಂದು ಹೆಣ್ಣು ದನಿ ಜಪಾನಿ ಭಾಷೆಯಲ್ಲಿ ಏನೋ ಹೇಳುತ್ತಿತ್ತು. ಚಿಕ್ಕದೊಂದು ಬಲ್ಬು ಬೇಕಾದರೂ ಗೋವಾಕ್ಕೆ ಫೋನ್ ಹಚ್ಚಿ ಹದಿನೈದು ದಿನ ಕಾಯಬೇಕು. ಏರ್ ಫಿಲ್ಟರು ಸಿಗದಿದ್ದಾಗ ಬೈಲಹೊಂಗಲದ ಮೆಕ್ಯಾನಿಕ್ ಲಗಮಪ್ಪ ಬೇರೆ ಗಾಡಿಯದನ್ನೇ ಕತ್ತರಿಸಿ ಕೂಡಿಸಿಕೊಡುತ್ತಿದ್ದ. ಕಬ್ಬಿನ ಟ್ರ್ಯಾಕ್ಟರುಗಳು ತುಳಿದ ದಾರಿಯಲ್ಲಿ ಗಾಡಿಯ ಹೊಟ್ಟೆ ತಾಗುತ್ತದೆಂದು ಸಿದ್ಧಾರೂಢ ಬೀಗರನ್ನೂ ಇಳಿಸಿ, ಖಾಲಿ ಗಾಡಿಯನ್ನು ದಾಟಿಸಿ, ಮತ್ತೆ ಹತ್ತಿಸಿಕೊಳ್ಳುತ್ತಿದ್ದ. ಎರಡು ದಿನದ ಹಿಂದಷ್ಟೇ ಹುಬ್ಬಳ್ಳಿಯಲ್ಲಿ ಕೆನೆಬಣ್ಣದ ಹೊಸ ಸೀಟು ಹೊಲಿಸಿಕೊಂಡು ಬಂದಿದ್ದ.

"ಗಾಡಿ ಬೆಲ್ಟ್ ಹರದೈತೋ ಶಟ್ಟೆಪ್ಪ," ಅಂದ ಸಿದ್ಧಾರೂಢ.

ಆ ಮಾತು ತನ್ನ ಬಾಯಿಂದ ಅಷ್ಟು ಸಲೀಸಾಗಿ ಬಂದದ್ದಕ್ಕೆ ಅವನಿಗೇ ಆಶ್ಚರ್ಯವಾಯಿತು. ಎಂಜಿನ್ನಿನ ಬೆಲ್ಟನ್ನು ಹೋದ ತಿಂಗಳಷ್ಟೇ ಬದಲಿಸಿದ್ದ. ಬಿರುಕು ಬಿಟ್ಟ ಹಳೆಯದು ಗೋಡೆಯ ಮೊಳೆಗೆ ನೇತುಬಿದ್ದಿತ್ತು. ಅದನ್ನು ತೆಗೆದು ತೋರಿಸಿದ.

"ನೋಡಿಲ್ಲೆ. ಗೋವಾದಿಂದ ಬರಬೇಕು."

ಶಟ್ಟೆಪ್ಪ ಬೆಲ್ಟನ್ನು ನೋಡಿದ, ಗಾಡಿಯನ್ನು ನೋಡಿದ. "ಇರ್ಲಿ ಬಿಡ್ರಿ, ನೀವರ ಏನ್ ಮಾಡ್ತೀರಿ," ಅಂದವನು ತಿರುಗಿ ಓಡಿದ.

ಪ್ರಜ್ಞಾಳನ್ನು ಸಾಮಾನು ಸಾಗಿಸುವ ಟಂಟಂ ಒಂದರಲ್ಲಿ ಕೌದಿ ಹಾಸಿ ಮಲಗಿಸಿಕೊಂಡು ಹೋದರು. ಬೈಲಹೊಂಗಲ ಇನ್ನೂ ದೂರವಿರುವಾಗಲೇ ದಾರಿಯಲ್ಲಿ ಹೆರಿಗೆಯಾಯಿತು. ಕೂಸು ಅಳಲಿಲ್ಲ. ಅರ್ಧ ತಾಸು ಮೊದಲು ತಂದಿದ್ದರೆ ಉಳಿಯುತ್ತಿತ್ತೇನೋ ಎಂದು ಡಾಕ್ಟರು ಅಂದದ್ದು ಸಂಜೆಯ ಹೊತ್ತಿಗೆ ಊರಿಗೆಲ್ಲ ಗೊತ್ತಾಗಿತ್ತು.

ಸುಳ್ಳು ಹೇಳಿದ ಮೇಲೆ ಗಾಡಿ ಹೊರಗೆ ತೆಗೆಯುವ ಹಾಗಿರಲಿಲ್ಲ. ಸಿದ್ಧಾರೂಢ ಹೊಲಕ್ಕೆ ನಡೆದೇ ಹೋದ, ಪೇಟೆಗೆ ಬಸ್ಸಿನಲ್ಲಿ ಹೋದ. ಮೂರನೆಯ ದಿನ ಹೆಂಡತಿ ನಾಗರತ್ನಾ, "ಗಾಡಿಗೇನಾಗೇತ್ರಿ?" ಎಂದು ಕೇಳಿದಳು. ಬೆಲ್ಟು ಹರಿದಿದೆಯೆಂದ. "ಹೊಸಾ ಬೆಲ್ಟ್ ಹಾಕಿದ್ದು ನನ್ನ ಮುಂದನ ಅಲ್ಲೇನ್ರಿ? ಲಗಮಪ್ಪನ ಗ್ಯಾರೇಜಿನಾಗ ಒಂದ್ ತಾಸ ಕುಂತಿದ್ನೆಲ್ಲಾ," ಅಂದಳು. ಅವನು ತಾಟಿನಲ್ಲಿದ್ದ ರೊಟ್ಟಿ ಮುರಿಯುತ್ತ ಕೂತ. ಅವಳು ಅವನ ಮುಖ ನೋಡಿ ಎದ್ದು ಒಳಗೆ ಹೋದಳು. ಆ ಮಾತನ್ನು ಮತ್ತೆ ಎತ್ತಲಿಲ್ಲ. ಮರುದಿನ ಒಂದು ಡಬ್ಬಿ ತುಪ್ಪ ಹಿಡಿದುಕೊಂಡು ಕೆಳಗಿನ ಓಣಿಗೆ ಹೋಗಿ ಪ್ರಜ್ಞಾಳನ್ನು ನೋಡಿಬಂದಳು. ಹುಡುಗಿ ಹೇಗಿದ್ದಾಳೆಂದು ಕೇಳಲು ಸಿದ್ಧಾರೂಢನಿಗೆ ಧೈರ್ಯ ಸಾಲಲಿಲ್ಲ.

ನಿಂತ ಗಾಡಿ ಕೆಡತೊಡಗಿತು. ಬ್ಯಾಟರಿ ಇಳಿಯಿತು. ಟೈರುಗಳಲ್ಲಿ ಗಾಳಿ ಕಡಿಮೆಯಾಯಿತು. ಇಲಿಯೊಂದು ಸೀಟಿನ ಕೆಳಗಿನ ವೈರು ಕಡಿದಿತ್ತು. ದಿನಕ್ಕೆರಡು ಸಲ ಒರೆಸುತ್ತಿದ್ದವನಿಗೆ ಈಗ ಶೆಡ್ಡಿನ ಬಾಗಿಲು ತೆರೆಯುವುದೇ ಬೇಡವಾಗಿತ್ತು. ತೆರೆದರೆ ಮೊದಲು ಕಣ್ಣಿಗೆ ಬೀಳುತ್ತಿದ್ದುದು ಹೊಸ ಸೀಟು. ಸೀಟು ಹೊಲಸಾಗುತ್ತದೆಂದು ತಾನು ಹಾಗೆ ಹೇಳಿದೆ ಎಂದು ಸಮಾಧಾನ ಮಾಡಿಕೊಳ್ಳಲು ನೋಡುತ್ತಿದ್ದ. ಆದರೆ ಶ್ರಾವಣದಲ್ಲಿ ತಮ್ಮದೇ ಜಾತಿಯ ಗಂಗಯ್ಯನ ಸೊಸೆಯನ್ನು ಇದೇ ಗಾಡಿಯಲ್ಲಿ ಧಾರವಾಡಕ್ಕೆ ಹೆರಿಗೆಗೆ ಒಯ್ದದ್ದು, ಸೀಟು ತೊಯ್ದದ್ದು, 'ಗಂಡು ಹುಟ್ಟೇತಲ್ಲ, ತೊಳದ್ರಾತು' ಎಂದು ತಾನು ನಕ್ಕದ್ದು ನೆನಪಾಗುತ್ತಿತ್ತು.

ನಲವತ್ತು ದಿನವಾದ ಮೇಲೆ ಒಂದು ಬೆಳಿಗ್ಗೆ ಶಟ್ಟೆಪ್ಪ ಮತ್ತೆ ಬಂದ. ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಅದರಿಂದ ಎರಡು ಬೆಲ್ಟುಗಳನ್ನು ತೆಗೆದ. ಒಂದು ಮೊಳೆಗಿದ್ದ ಹಳೆಯದು, ಇನ್ನೊಂದು ಹೊಸದು.

"ಮಾದರಿಗೆ ಬೇಕಂತ ನಾಗರತ್ನಾ ವೈನಿಯಾರ ಕಡೆ ಇಸ್ಕೊಂಡು ಹೋಗಿದ್ನಿರಿ. ನಮ್ಮ ಅಳಿಯಾ ಅಜಿತ ಮೂರ ದಿನ ಗೋವಾದ ಮಡಗಾಂವದಾಗ ಅಡ್ಡ್ಯಾಡಿ ಹುಡುಕ್ಯಾನ್ರಿ. ನಂಬರ ಕೂಡೇತಿ ನೋಡ್ರಿ."

ಸಿದ್ಧಾರೂಢ ಕೈ ಚಾಚಲಿಲ್ಲ. "ನೀವ್ಯಾಕ... ಇದನ್ನ ತಂದ್ರಿ?" ಒಂದೇ ಶಾಲೆಯಲ್ಲಿ ಓದಿದ ಶಟ್ಟೆಪ್ಪನಿಗೆ ಅವನು ಬಹುವಚನ ಬಳಸಿದ್ದು ಅದೇ ಮೊದಲು. ಇಬ್ಬರಿಗೂ ಅದು ವಿಚಿತ್ರವಾಗಿ ಕೇಳಿಸಿತು.

"ಊರಾಗ ಮತ್ತ್ಯಾರಿಗರ ಬ್ಯಾನಿ ಬಂದ್ರ ಗಾಡಿ ತಯಾರ ಇರಬೇಕಲ್ರಿ," ಅಂದ ಶಟ್ಟೆಪ್ಪ.

ಬೆಲ್ಟು ಇಸಿದುಕೊಂಡು, ಸಂಜೆಗೆ ಹಾಕಿಸುತ್ತೇನೆಂದು ಕಳಿಸಿಬಿಡಬಹುದಿತ್ತು. ಆ ಮಾತು ಸಿದ್ಧಾರೂಢನ ನಾಲಿಗೆಯ ತುದಿಗೂ ಬಂದಿತ್ತು. ಅಡಿಗೆ ಮನೆಯ ಬಾಗಿಲಲ್ಲಿ ನಾಗರತ್ನಾ ನಿಂತಿರುವುದು ಕಾಣಿಸಿತು. ಅವನು ಶೆಡ್ಡಿನ ಬಾಗಿಲು ತೆರೆದು ಗಾಡಿಯ ಬಾನೆಟ್ ಎತ್ತಿದ.

"ಬೆಲ್ಟ್ ಹರದಿದ್ದಿಲ್ಲ, ಶಟ್ಟೆಪ್ಪ."

ಶಟ್ಟೆಪ್ಪ ಬಗ್ಗಿ ನೋಡಿದ. ಬೆರಳಿನಿಂದ ಬೆಲ್ಟನ್ನು ಒತ್ತಿದ. ಇನ್ನೊಂದು ಕಡೆಯೂ ಒತ್ತಿದ.

"ಸೀಟ ಹೊಸಾವು ಇದ್ವು," ಅಂದ ಕೊನೆಗೆ, ಮುಖ ಎತ್ತದೆ. "ಅದಕ್ಕ ಹಂಗ ಅಂದ್ರಿ. ಹೌದಲ್ರಿ?"

ಹೌದೆಂದರೆ ಮುಗಿಯುತ್ತಿತ್ತು.

"ಸೀಟ ಅಲ್ಲ," ಅಂದ ಸಿದ್ಧಾರೂಢ.

ಶಟ್ಟೆಪ್ಪ ನೆಟ್ಟಗೆ ನಿಂತ. ಹೊಸ ಬೆಲ್ಟನ್ನು ಸುತ್ತಿ ಮತ್ತೆ ಚೀಲದಲ್ಲಿಟ್ಟ, ಹಳೆಯದನ್ನು ನೆಲದ ಮೇಲೆ ಬಿಟ್ಟ. ಹೊರಡುವಾಗ ಮಾತ್ರ ಒಂದು ಗಳಿಗೆ ನಿಂತು ಹೇಳಿದ: "ಪ್ರಜ್ಞಾಗ ಇದನ್ನ ಹೇಳಬ್ಯಾಡ್ರಿ. ಗಾಡಿ ಕೆಟ್ಟಿತ್ತು, ಅದಕ್ಕ ಹಿಂಗಾತು ಅಂತ ಆಕಿ ಸಮಾಧಾನ ಮಾಡ್ಕೊಂಡಾಳ. ಹಂಗ ಇರ್ಲಿ."

"ನನಗ ಏನರ ಅನ್ನರಿ, ಶಟ್ಟೆಪ್ಪ," ಅಂದ ಸಿದ್ಧಾರೂಢ.

"ಏನಂತ ಅನ್ಲಿರಿ?" ಅಂದ ಶಟ್ಟೆಪ್ಪ. ಉತ್ತರಕ್ಕೆ ಕಾಯದೆ ಹೋದ.

ಅದಾಗಿ ಹತ್ತೋ ಹನ್ನೆರಡೋ ದಿನಕ್ಕೆ, ಬ್ಯಾಟರಿ ಚಾರ್ಜ್ ಮಾಡಿಸಿ, ಟೈರಿಗೆ ಗಾಳಿ ತುಂಬಿಸಿ, ಇಲಿ ಕಡಿದ ವೈರು ಸರಿ ಮಾಡಿಸಲೆಂದು ಗಾಡಿಯಲ್ಲಿ ಲಗಮಪ್ಪನ ಹತ್ತಿರ ಹೊರಟ ಸಿದ್ಧಾರೂಢನಿಗೆ ಬಸ್ ಸ್ಟಾಂಡಿನಲ್ಲಿ ಪ್ರಜ್ಞಾ ಕಂಡಳು. ಪಕ್ಕದಲ್ಲಿ ಅವಳ ತಾಯಿ ಸಾವಂತ್ರೆವ್ವ, ಕಾಲ ಬಳಿ ಎರಡು ಚೀಲ. ಕಾಣದವನಂತೆ ಹೋಗಿಬಿಡೋಣವೆಂದುಕೊಂಡ. ಆದರೆ ಪ್ರಜ್ಞಾ ಆಗಲೇ ಕೈ ಎತ್ತಿದ್ದಳು. ನಿಲ್ಲಿಸಿದ.

"ರಿಪೇರಿ ಆತೇನ್ರಿ ಕಾಕಾ?" ಕಿಟಕಿಯ ಹತ್ತಿರ ಬಂದು ಕೇಳಿದಳು. ಮುಖ ಇಳಿದಿತ್ತು, ಆದರೂ ಕಣ್ಣಲ್ಲಿ ನಿಜವಾದ ಸಂತೋಷವಿತ್ತು. "ನಮ್ಮವರು ತಂದ ಬೆಲ್ಟ್ ಬರೋಬರಿ ಕುಂತತಿಲ್ರಿ?"

ಸಾವಂತ್ರೆವ್ವ ಮುಖವನ್ನು ಬೇರೆ ಕಡೆ ತಿರುಗಿಸಿದಳು. ಗಂಡ ಅವಳಿಗೆ ಹೇಳಿದ್ದಾನೆಂದು ಸಿದ್ಧಾರೂಢನಿಗೆ ತಿಳಿಯಿತು.

"ಚಲೋ ಕುಂತೈತವಾ," ಅಂದ. "ಸಾಲಹಳ್ಳಿಗೆ ಹೊಂಟೀರೇನು? ಬಾ, ಬಿಟ್ಟ ಬರತೇನಿ."

"ಬಸ್ ಬರೂ ಹೊತ್ತಾತು," ಅಂದಳು ಸಾವಂತ್ರೆವ್ವ, ಯಾರ ಮುಖವನ್ನೂ ನೋಡದೆ.

"ಎವ್ವಾ, ಕಾಕಾರು ತಾವಾಗೇ ಕರೀಲಿಕ್ಹತ್ಯಾರ. ಬಸ್ಸಿನಾಗ ನನಗ ನಿಂದ್ರಾಕ ಆಗೂದಿಲ್ಲ." ಪ್ರಜ್ಞಾ ಚೀಲಗಳನ್ನು ಎತ್ತಿಕೊಂಡಳು. ತಾಯಿ ತಡೆಯಲಿಲ್ಲ, ತಾನೂ ಹತ್ತಲಿಲ್ಲ. ಮಗಳ ತಲೆಯ ಮೇಲೆ ಕೈಯಾಡಿಸಿ ಹಿಂದೆ ಸರಿದು ನಿಂತಳು.

ಬಾಗಿಲು ಸದ್ದಿಲ್ಲದೆ ಜಾರಿತು. ಪ್ರಜ್ಞಾ ಒಳಗೆ ಒಮ್ಮೆ ನೋಡಿ, ಚಪ್ಪಲಿ ಕಳೆದು ಕೈಯಲ್ಲಿ ಹಿಡಿದುಕೊಂಡು ಹತ್ತಿದಳು.

"ಕಾಲಾಗ ಇರ್ಲಿ ಬಿಡವಾ."

"ಇರ್ಲಿ ಬಿಡ್ರಿ ಕಾಕಾ, ಭಾಳ ಮಣ್ಣಾಗ್ಯಾವ."

ಯರಗಟ್ಟಿಯ ದಾರಿಯಲ್ಲಿ ಸಿದ್ಧಾರೂಢ ಒಂದೊಂದು ತಗ್ಗಿಗೂ ಗಾಡಿಯನ್ನು ನಿಧಾನ ಮಾಡಿ, ಮೆಲ್ಲಗೆ ಇಳಿಸಿ ಮೆಲ್ಲಗೆ ಹತ್ತಿಸಿದ. ಹಿಂದಿನಿಂದ ಬಂದ ಬಸ್ಸು ಹಾರ್ನ್ ಹಾಕಿ ಮುಂದಾಯಿತು. ಕನ್ನಡಿಯಲ್ಲಿ ನೋಡಿದ. ಅಷ್ಟು ದೊಡ್ಡ ಸೀಟಿನ ತುದಿಯಲ್ಲಿ, ಬೆನ್ನು ಆನಿಸದೆ ಪ್ರಜ್ಞಾ ಕೂತಿದ್ದಳು. ಸೆರಗಿನಲ್ಲಿ ಸುತ್ತಿದ ಚಪ್ಪಲಿಗಳು ಅವಳ ಮಡಿಲಲ್ಲಿದ್ದವು. ಗಾಡಿ ತೂಗಿದಾಗಲೆಲ್ಲ ಅವು ಬೀಳದಂತೆ ಎರಡೂ ಕೈಯಿಂದ ಅವುಚಿ ಹಿಡಿಯುತ್ತಿದ್ದಳು.